ಫಸ್ಟ್ ಅವೆನ್ಯೂದ ಇದ್ದಲೊಲೆ

ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ಈಶಾನ್ಯ ಭಾಗದ ಒಂದು ಬಡಾವಣೆಗೆ ಈಸ್ಟ್ ಹಾರ್ಲೆಮ್ ಎಂದು ಹೆಸರು. ಅಲ್ಲಿ ಫಸ್ಟ್ ಅವೆನ್ಯೂದಲ್ಲಿ, 117 ಮತ್ತು 118ನೇ ಬೀದಿಗಳ ನಡುವೆ, ಪ್ಯಾಟ್ಸಿಸ್ ಪಿಜ್ಜೇರಿಯಾ ಇದೆ. 1933ರಲ್ಲಿ ಅದನ್ನು ತೆರೆದವರು ಪಾಸ್ಕ್ವಾಲೆ ಲ್ಯಾಂಚೇರಿ. ‘ಪ್ಯಾಟ್ಸಿ’ ಎನ್ನುವುದು ಜನ ಅವರನ್ನು ಕರೆಯುತ್ತಿದ್ದ ಹೆಸರು. ಆಗ ಸುತ್ತಲಿನ ಬೀದಿಗಳಲ್ಲಿ ಕೇಳುತ್ತಿದ್ದದ್ದು ದಕ್ಷಿಣ ಇಟಲಿಯ ಮಾತು. ಈಗ ಕೇಳುವುದು ಸ್ಪ್ಯಾನಿಷ್ ಮತ್ತು ಇಂಗ್ಲಿಷ್. ಪಿಜ್ಜಾ ಸುಡುವ ಕಲ್ಲಿದ್ದಲಿನ ಒಲೆ ಮಾತ್ರ ಉರಿಯುತ್ತಲೇ ಇದೆ.

ಅಲ್ಲಿಗೆ ಹೋಗಲು 6ನೇ ನಂಬರಿನ ಸುರಂಗ ರೈಲು ಹಿಡಿದು 116ನೇ ಬೀದಿಯ ನಿಲ್ದಾಣದಲ್ಲಿ ಇಳಿಯಬೇಕು. ಮೆಟ್ಟಿಲು ಹತ್ತಿದರೆ ಲೆಕ್ಸಿಂಗ್ಟನ್ ಅವೆನ್ಯೂ. ಪೂರ್ವಕ್ಕೆ ತಿರುಗಿ ಮೂರು ಅವೆನ್ಯೂ ದಾಟಿದರೆ ಫಸ್ಟ್ ಅವೆನ್ಯೂ. ನಿಧಾನವಾಗಿ ನಡೆದರೂ ಹನ್ನೆರಡು ನಿಮಿಷ ಸಾಕು. ಟ್ಯಾಕ್ಸಿಯಲ್ಲಿ ಬಾಗಿಲಿಗೇ ಹೋಗಿ ಇಳಿಯುವವರಿಗೆ ಊಟ ಸಿಗುತ್ತದೆ, ಊರು ಸಿಗುವುದಿಲ್ಲ.

ಹಾಗೆ ನಡೆಯುವ ಮೊದಲು ಪಶ್ಚಿಮಕ್ಕೆ ಒಂದು ಸಣ್ಣ ಸುತ್ತು ಹಾಕುವುದು ಒಳ್ಳೆಯದು. ಪಾರ್ಕ್ ಅವೆನ್ಯೂದಲ್ಲಿ ಎತ್ತರದ ಸೇತುವೆಯ ಮೇಲೆ ರೈಲು ಓಡುತ್ತದೆ. ಅದರ ಅಡಿಯಲ್ಲೇ ಇದೆ ಲಾ ಮಾರ್ಕೆಟಾ ಎಂಬ ಸಂತೆ. ಬೀದಿಬದಿಯ ತಳ್ಳುಗಾಡಿಯವರನ್ನು ಒಂದು ಸೂರಿನಡಿ ತರಲು 1936ರಲ್ಲಿ ಇದನ್ನು ಕಟ್ಟಿಸಿದವರು ಆಗಿನ ಮೇಯರ್ ಫಿಯೊರೆಲ್ಲೊ ಲಾಗಾರ್ಡಿಯಾ. ಅವರೂ ಇಟಾಲಿಯನ್ ಮೂಲದವರೇ. ಆದರೆ ಸಂತೆಗೆ ನಿಂತ ಹೆಸರು ಸ್ಪ್ಯಾನಿಷ್. ಅಲ್ಲಿ ಬಾಳೆಕಾಯಿ, ಗೆಣಸು, ಒಣಮೀನು ಕೊಳ್ಳಲು ಬರುತ್ತಿದ್ದವರು ಪೋರ್ಟೊರಿಕೊದವರು. ಒಂದು ಸಮುದಾಯ ಬಿಟ್ಟುಕೊಟ್ಟ ಜಾಗದಲ್ಲಿ ಇನ್ನೊಂದು ನೆಲೆನಿಂತದ್ದು ಇಲ್ಲೇ ಕಣ್ಣಿಗೆ ಬೀಳುತ್ತದೆ.

ಇಟಾಲಿಯನ್ನರು ಇಲ್ಲಿಗೆ ಬರತೊಡಗಿದ್ದು 1870ರ ದಶಕದ ಕೊನೆಯಿಂದ, ಹಳಿ ಹಾಸುವ, ನೆಲ ಅಗೆಯುವ ಕೂಲಿಗಳಾಗಿ. ಒಂದೊಂದು ಬೀದಿಯಲ್ಲಿ ಒಂದೊಂದು ಸೀಮೆಯವರು ಸೇರಿಕೊಂಡರು. 1930ರ ದಶಕದಲ್ಲಿ ಅವರ ಸಂಖ್ಯೆ ಒಂದು ಲಕ್ಷ ಮೀರಿತ್ತು, ‘ಇಟಾಲಿಯನ್ ಹಾರ್ಲೆಮ್’ ಎಂಬ ಹೆಸರು ಚಾಲ್ತಿಯಲ್ಲಿತ್ತು. ಎರಡನೇ ಮಹಾಯುದ್ಧದ ನಂತರ ಕೈಯಲ್ಲಿ ನಾಲ್ಕು ಕಾಸು ಸೇರಿದವರು ಬ್ರಾಂಕ್ಸ್, ಲಾಂಗ್ ಐಲೆಂಡ್ ಕಡೆ ಮನೆ ಮಾಡಿಕೊಂಡರು. ಹೋಗದೆ ಉಳಿದವರ ವಠಾರಗಳನ್ನು 1950ರ ದಶಕದಲ್ಲಿ ಸರ್ಕಾರವೇ ಕೆಡವಿ, ಕೆಂಪು ಇಟ್ಟಿಗೆಯ ಎತ್ತರದ ವಸತಿ ಸಮುಚ್ಚಯಗಳನ್ನು ಎಬ್ಬಿಸಿತು. ಜೆಫರ್ಸನ್ ಹೌಸಸ್ ಅಂಥದ್ದೊಂದು. ಅದು ಅಷ್ಟಿಷ್ಟಲ್ಲ, ಹಲವು ಬೀದಿಗಳ ಅಗಲವಿದೆ. ಈ ಕೆಡವುವ ಕೆಲಸಕ್ಕೆ ಕೊಳೆಗೇರಿ ನಿವಾರಣೆ ಎಂದು ಹೆಸರು. ಅಕ್ಕಪಕ್ಕದ ಕಿರಾಣಿ, ಕ್ಷೌರದಂಗಡಿ, ಬ್ರೆಡ್ ಸುಡುವವನು, ಎಲ್ಲವೂ ಜೊತೆಗೇ ನಿವಾರಣೆಯಾದವು.

116ನೇ ಬೀದಿಯಲ್ಲಿ ಈಗ ಮೆಕ್ಸಿಕನ್ನರ ಬೇಕರಿಗಳು, ಟಾಕೊ ಅಂಗಡಿಗಳು ಹೆಚ್ಚು. ಪುಯೆಬ್ಲಾ ಪ್ರಾಂತ್ಯದಿಂದ ಬಂದವರು ಇಲ್ಲಿ ತುಂಬ. ಸೆಕೆಂಡ್ ಅವೆನ್ಯೂ ಮುಟ್ಟಿದಾಗ ಇನ್ನೂ ಒಂದು ಪದರ ಸೇರುತ್ತದೆ. ಈ ರಸ್ತೆಯ ಮೇಲೆ ಓಡುತ್ತಿದ್ದ ಎತ್ತರದ ರೈಲನ್ನು 1940ರಲ್ಲಿ ನಿಲ್ಲಿಸಿದರು. ಬದಲಿಗೆ ನೆಲದಡಿ ರೈಲು ಬರುತ್ತದೆಂದು ಮಾತುಕೊಟ್ಟರು. 1970ರ ದಶಕದಲ್ಲಿ ಇಲ್ಲೇ ಒಂದು ತುಂಡು ಸುರಂಗ ತೋಡಿ, ಹಣವಿಲ್ಲದೆ ಬಿಟ್ಟರು. ಹೊಸ ಮಾರ್ಗ 2017ರಲ್ಲಿ 96ನೇ ಬೀದಿಯವರೆಗೆ ಬಂತು, ಮುಂದಿನ ಹಂತದಲ್ಲಿ 116ಕ್ಕೂ ಒಂದು ನಿಲ್ದಾಣವಿದೆ. ರೈಲು ಬರುವ ಮುಂಚೆಯೇ ಗಾಜಿನ ಕಟ್ಟಡಗಳು ಏಳುತ್ತಿವೆ. ಎತ್ತರದ ಕಟ್ಟಡಗಳಿಗೆ ಹಾದಿ ಮಾಡಿಕೊಡುವ ವಲಯ ಬದಲಾವಣೆಗೆ ನಗರಸಭೆ 2017ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ನದಿ ದಂಡೆಯಲ್ಲಿ ತಂತಿ ಕಾರ್ಖಾನೆಯಿದ್ದ ಕಡೆ 2009ರಿಂದ ಈಸ್ಟ್ ರಿವರ್ ಪ್ಲಾಜಾ ಎಂಬ ಮಾಲ್ ನಡೆಯುತ್ತಿದೆ.

ಇಟಾಲಿಯನ್ ಕಾಲದ ಗಟ್ಟಿ ಗುರುತು 115ನೇ ಬೀದಿಯ ಮೌಂಟ್ ಕಾರ್ಮೆಲ್ ಮಾತೆಯ ಚರ್ಚು. 1884ರಲ್ಲಿ ಕಟ್ಟಲು ಹೆಗಲುಕೊಟ್ಟವರು ಇಟಾಲಿಯನ್ ಕೂಲಿಗಳು; ಆದರೆ 1919ರವರೆಗೆ ಅವರ ಪೂಜೆಗೆ ಸಿಕ್ಕಿದ್ದು ನೆಲಮಾಳಿಗೆ. ಮೇಲಿನ ಅಂತಸ್ತು ಐರಿಷ್ ಮತ್ತು ಜರ್ಮನ್ ಭಕ್ತರದ್ದು. ಜುಲೈ 16ರ ಹಬ್ಬಕ್ಕೆ ಈಗ ದೊಡ್ಡ ಸಂಖ್ಯೆಯಲ್ಲಿ ಬರುವವರು ಹೈಟಿ ದೇಶದ ಮೂಲದವರು. ದೇವಿ ಅದೇ, ಹರಕೆ ಹೊತ್ತವರು ಬೇರೆ.

ಇನ್ನು ಊಟ. ಅಂಗಡಿಗೆ ಎರಡು ಮುಖ: ಒಂದು ಕಡೆ ಮೇಜುಕುರ್ಚಿಯ ಹೋಟೆಲು, ಪಕ್ಕದಲ್ಲಿ ನಿಂತು ತಿನ್ನುವವರ ಕೌಂಟರ್. ಈ ಕೌಂಟರೇ ಅಪರೂಪದ್ದು. ನ್ಯೂಯಾರ್ಕಿನ ಹಳೆಯ ಇದ್ದಲೊಲೆಯ ಮನೆಗಳಲ್ಲಿ ಇಡೀ ಪಿಜ್ಜಾ ಕೊಳ್ಳಬೇಕು, ಬಿಡಿ ಸ್ಲೈಸ್ ಕೇಳಿದರೆ ತಲೆಯಾಡಿಸುತ್ತಾರೆ. ಬೀದಿಬೀದಿಯಲ್ಲಿ ಸಿಗುವ ಸ್ಲೈಸು ಯುದ್ಧಾನಂತರದ ಗ್ಯಾಸ್ ಒಲೆಯ ಕೂಸು: ಮೊದಲೇ ಬೇಯಿಸಿಟ್ಟು, ಗಿರಾಕಿ ಬಂದಾಗ ಮತ್ತೆ ಬಿಸಿ ಮಾಡಿದರೆ ಆಯಿತು. ಇದ್ದಲೊಲೆಯ ತೆಳು ಪಿಜ್ಜಾಕ್ಕೆ ಆ ಆಟ ಒಗ್ಗದು.

ಕಾರಣ ಶಾಖದಲ್ಲಿದೆ. ಗ್ಯಾಸ್ ಒಲೆ ಸಾಮಾನ್ಯವಾಗಿ 300 ಡಿಗ್ರಿ ಸೆಲ್ಸಿಯಸ್ ಒಳಗೇ ಇರುತ್ತದೆ. ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು ಹೊಗೆ ಕಡಿಮೆ ಬಿಟ್ಟು ಇಟ್ಟಿಗೆಯ ಗೂಡನ್ನು 450ರ ಆಸುಪಾಸಿಗೆ ಏರಿಸುತ್ತದೆ. ನಾಲ್ಕೈದು ನಿಮಿಷದಲ್ಲಿ ಹಿಟ್ಟಿನ ಹೊರಮೈ ಸುಟ್ಟು ಗರಿಯಾಗುತ್ತದೆ, ಒಳಗಿನ ತೇವ ಆರಿಹೋಗಲು ಪುರುಸೊತ್ತೇ ಇರುವುದಿಲ್ಲ. ಹೆಚ್ಚು ಹೊತ್ತು ಬೆಂದ ಹಿಟ್ಟು ಬಿಸ್ಕತ್ತಾಗುತ್ತದೆ.

ಈ ಲೇಖಕ ಕೌಂಟರಿನಲ್ಲಿ ಕೊಂಡದ್ದು ಬರೀ ಟೊಮೆಟೊ, ಚೀಸಿನ ಒಂದು ಸ್ಲೈಸ್. ಕಾಗದದ ತಟ್ಟೆಯಲ್ಲಿ ಬಂತು, ತಟ್ಟೆಗೆ ಎಣ್ಣೆಯ ಚಂದ್ರನೂ ಮೂಡಿತು. ನ್ಯೂಯಾರ್ಕಿನವರ ಪದ್ಧತಿಯಂತೆ ಉದ್ದಕ್ಕೆ ಮಡಚಿ ತಿರುವಿದರೆ, ಅಡಿಯಲ್ಲಿ ಕೆಂಡದ ಮೇಲೆ ಸುಟ್ಟ ಜೋಳದ ರೊಟ್ಟಿಗಿರುವಂಥ ಕರಿ ಚುಕ್ಕೆಗಳು. ಬೆರಳಿಗೆ ಕಪ್ಪು ಅಂಟಿತು. ಸಾಸಿನಲ್ಲಿ ಟೊಮೆಟೊ ಬಿಟ್ಟರೆ ಮಸಾಲೆಯ ಗಲಾಟೆಯಿಲ್ಲ. ನಮ್ಮ ಊರಿನ ಪಿಜ್ಜಾ ರುಚಿಗೆ ಒಗ್ಗಿದ ನಾಲಿಗೆಗೆ ಮೊದಲ ತುತ್ತು ಸಪ್ಪೆ ಅನ್ನಿಸಬಹುದು. ಮೂರನೆಯ ತುತ್ತಿಗೆ ಹುಳಿ, ಉಪ್ಪು, ಸುಟ್ಟ ಹಿಟ್ಟು ಮೂರೂ ಬೇರೆಬೇರೆಯಾಗಿ ಗೊತ್ತಾಗುತ್ತವೆ. ಎರಡನೇ ಸ್ಲೈಸಿಗೆ ಸಾಲು ಸೇರಬೇಕಾಯಿತು.

ಶಾಕಾಹಾರಿಗಳು ಒಂದು ಮಾತು ಕೇಳಿಕೊಳ್ಳುವುದು ವಾಸಿ. ಸಾಂಪ್ರದಾಯಿಕ ಇಟಾಲಿಯನ್ ಗಟ್ಟಿ ಚೀಸುಗಳಲ್ಲಿ ಹಾಲು ಹೆಪ್ಪುಗಟ್ಟಿಸಲು ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಮಾಂಸದ ತುಣುಕಿಲ್ಲ ಎಂದ ಮಾತ್ರಕ್ಕೆ ಪಿಜ್ಜಾ ಸಸ್ಯಾಹಾರವಾಗುವುದಿಲ್ಲ.

ಲ್ಯಾಂಚೇರಿ 1970ರ ದಶಕದಲ್ಲಿ ತೀರಿಕೊಂಡರು. ಕೊನೆಗೆ ಅವರ ಹೆಂಡತಿ 1991ರಲ್ಲಿ ಅಂಗಡಿಯನ್ನು ಮಾರಿದರು. ಇಲ್ಲಿ ಕೆಲಸ ಕಲಿತ ಲ್ಯಾಂಚೇರಿಯವರ ಸೋದರಳಿಯ ಪ್ಯಾಟ್ಸಿ ಗ್ರಿಮಾಲ್ಡಿ 1990ರಲ್ಲಿ ಬ್ರೂಕ್ಲಿನ್ ಸೇತುವೆಯ ಬುಡದಲ್ಲಿ ತಮ್ಮದೇ ಇದ್ದಲೊಲೆ ಹಚ್ಚಿದರು. ಒಲೆಗಳಿಗೆ ಈಚೆಗೆ ಹೊಸ ಕಟ್ಟಳೆ ಬಂದಿದೆ: 2024ರ ಏಪ್ರಿಲಿನಿಂದ ಜಾರಿಗೆ ಬಂದ ನಗರದ ನಿಯಮದ ಪ್ರಕಾರ, ಹಳೆಯ ಇದ್ದಲು ಮತ್ತು ಸೌದೆ ಒಲೆಗಳು ಹೊಗೆಯ ಕಣಗಳನ್ನು ಶೇ. 75ರಷ್ಟು ತಗ್ಗಿಸಬೇಕು. ಅಂದರೆ ಹೊಗೆಗೂಡಿಗೆ ಶೋಧಕ ಯಂತ್ರ ಕೂರಿಸುವ ಖರ್ಚು. ಇದ್ದಲು ಉರಿಸುವುದನ್ನು ಯಾರೂ ನಿಷೇಧಿಸಿಲ್ಲ.

ಹೋಗುವವರು ಸ್ಲೈಸನ್ನು ಕಟ್ಟಿಸಿಕೊಂಡು ಬರಬೇಡಿ. ಹತ್ತು ನಿಮಿಷ ಕಳೆದರೆ ಅದು ತೊಗಲಿನಂತಾಗುತ್ತದೆ; ಕೌಂಟರಿನ ಮುಂದೆಯೇ ನಿಂತು ತಿಂದುಬಿಡಿ.