ಗೆರಿ ಹೊಡದದ್ದು ಸಾಕಾತು



ಹ್ವಾದ ವಾರ ಎದುರುಮನಿ ಕಾಕು ಕೇಳಿದ್ರು, "ಅಷ್ಟ ಪುಸ್ತಕ ಓದ್ತೀಯಲ್ಲ, ಏನ ಸಿಕ್ತು?" ಅಂತ. ನಮ್ಮ ಕಪಾಟಿನ್ಯಾಗ ಜೀವನ ಸುಧಾರಿಸೂ ಪುಸ್ತಕನ 11 ಅವ. ಎಲ್ಲಾದ್ರಾಗೂ ಪೆನ್ಸಿಲ್‌ಲೆ ಗೆರಿ ಹೊಡದೀನಿ. ಓದೂ ಮುಂದ ಭಾಳ ಶಾಣ್ಯಾಕಿ ಆಗ್ತೀನಿ. ಕುಕ್ಕರ್ ಮೂರು ಸೀಟಿ ಹೊಡಿಯೂದ್ರಾಗ ಮತ್ತ ಮೊದಲಿನಾಕಿನ.

ಖರೇ ಹೇಳ್ಬೇಕಂದ್ರ, ಹೊಟ್ಟ್ಯಾಗ ಒಂದು ಸಂಕಟ ಇತ್ತು. ಅವ್ವ ಹ್ವಾದಮ್ಯಾಲ ಆಕೀ ಪಾಟ್ಲಿ ಯಾರಿಗೆ ಅನ್ನೂದ್ರಾಗ ನನಗೂ ನಮ್ಮ ಅಕ್ಕಗೂ ಮಾತು ಬಂದ್ ಆಗಿ 2 ವರ್ಷ ಆಗಿತ್ತು. ಎರಡು ಓಣಿ ದಾಟಿದ್ರ ಆಕೀ ಮನಿ. ಆದ್ರೂ ದಸರಾಕ್ಕ ಬನ್ನಿ ಕೊಡೂದು ಸೈತ ನಿಂತಿತ್ತು.

ಡೇಲ್ ಕಾರ್ನೆಗಿ 1948ರಾಗ ಚಿಂತಿ ಬಿಡೂದರ ಬಗ್ಗೆ ಬರದ ಪುಸ್ತಕದಾಗ ವಿಲ್ಲಿಸ್ ಕ್ಯಾರಿಯರ್ ಅನ್ನೋ ಇಂಜಿನಿಯರ್ ಕಥಿ ಬರ್ತದ. ಏಸಿ ಕಂಡು ಹಿಡದಾಂವ. ಕೆಲಸ ಕೆಟ್ಟು ನಿದ್ದಿ ಹಾರಿದಾಗ ಆಂವ ಮೂರು ಹೆಜ್ಜಿ ಇಟ್ಟ: ಭಾಳಂದ್ರ ಏನು ಕೆಡ್ತದ ಅಂತ ನೋಡೂದು, ಅದನ್ನ ಮೊದಲ ಒಪ್ಪಿಕೊಳ್ಳೂದು, ಆಮ್ಯಾಲ ಸಮಾಧಾನದಿಂದ ಆದಷ್ಟು ಸುಧಾರಿಸೂದು.

ಅದಕ್ಕೂ ಗೆರಿ ಹೊಡದು ಬಿಟ್ಟಿದ್ದೆ. ಈ ಸಲ ದಸರಾ ದಿನ ಮುಂಜಾನೆ ಹಾಲಿನ ಲೆಕ್ಕದ ವಹಿ ಹಿಂದಿನ ಹಾಳಿಮ್ಯಾಲ ಬರದೆ. ಭಾಳಂದ್ರ ಏನಾದೀತು? ಅಕ್ಕ ಫೋನ್ ಕಟ್ ಮಾಡ್ಯಾಳು. ಒಪ್ತೀಯೇನು? ಈಗರೆ ಎಲ್ಲಿ ಮಾತಾಡ್ತಾಳ! ಮೂರನೇದು ಬರಿಯೂ ಮುಂದ ಕೈ ನಡುಗಿದ್ವು. ಪಾಟ್ಲಿ ಆಸೆ ಬಿಡೂದೊಂದ ಉಳದಿತ್ತು.

ಫೋನ್ ಹಚ್ಚಿ, "ಅಕ್ಕಾ, ಪಾಟ್ಲಿ ನಿನ್ನ ಹತ್ರನ ಇರ್ಲಿ" ಅಂದೆ. ಆಕಿ ಒಂದು ಗಳಿಗಿ ಸುಮ್ನಾದ್ಲು. "ಒಲೀಮ್ಯಾಲ ಹೂರಣ ಅದ, ತಳ ಹತ್ತತದ" ಅಂದು ಇಟ್ಟಬಿಟ್ಲು.

ಸಂಜೀಕ ಬನ್ನಿ ತಗೊಂಡು ತಾನ ಬಂದ್ಲು. ಕೈಯಾಗ ಅವ್ವನ ಪಾಟ್ಲಿ. ನೋಡಿ ಕರುಳು ಚುರ್ರ್ ಅಂತು, ಸುಳ್ಳ ಯಾಕ ಹೇಳ್ಲಿ. ನನ್ನ ಕೈಯಾಗ ಎಲಿ ಇಟ್ಟು, "ಬಂಗಾರದ್ಹಂಗ ಇರೂಣು" ಅಂದ್ಲು. ಇಬ್ಬರೂ ಅತ್ವಿ. ಆಮ್ಯಾಲ ಚಹಾ ಕುಡದ್ವಿ. ಆ ರಾತ್ರಿ ನನಗ ಛಲೋ ನಿದ್ದಿ ಬಂತು.

ಕಾಕು, ನೀವು ಕೇಳಿದ್ದಕ್ಕ ಇದ ಉತ್ತರ. 12ನೇ ಪುಸ್ತಕ ಸದ್ಯ ತರೂದಿಲ್ಲ. ಇದ್ದ 11ರಾಗ ಹೊಡದ ಗೆರಿಯೊಳಗ ಇನ್ನೂ ಒಂದ ಮಾಡಿ ಮುಗದದ.