ಕಾಣದ ದೀರ್ಘ

ನಮ್ಮ ಹಿರಿಯರು ಊರಿನ ಸಮಾಚಾರವನ್ನು ಬಂಧುಗಳಿಗೆ ಕಾಗದದ ಮೂಲಕ ತಿಳಿಸುತ್ತಿದ್ದರು. ಕಾಗದ ತಲುಪದೆ ಹೋದರೆ ಅಂಚೆಯವನನ್ನು ನಿಲ್ಲಿಸಿ ಕೇಳುವ ಅನುಕೂಲವಿತ್ತು. ಇಂದು ಕಾಗದದ ಸ್ಥಾನದಲ್ಲಿ ಜಾಲತಾಣ ಬಂದಿದೆ. ಅದರ ಪುಟ ಒಂದು ಮನೆಗೆ ತಲುಪಿ ಇನ್ನೊಂದು ಮನೆಗೆ ತಲುಪದಿದ್ದರೆ ಕೇಳುವುದು ಯಾರನ್ನು? ಕೇಳಲು ಒಂದು ಜಾಗವಿದೆಯೆಂಬುದನ್ನು ಬಹಳ ಮಂದಿ ಅರಿಯರು. ಪುಟಗಳನ್ನು ಒದಗಿಸುವ ಸರ್ವರ್ ಎಂಬ ಯಂತ್ರವು ಬಂದವರ ಲೆಕ್ಕವನ್ನು ಒಂದೊಂದು ಸಾಲಿನಂತೆ ಬರೆದಿಡುತ್ತದೆ. ಅದಕ್ಕೆ ಆಕ್ಸೆಸ್ ಲಾಗ್ ಎಂದು ಹೆಸರು. ಹಳೆಯ ಕಚೇರಿಗಳ ಆವಕ-ಜಾವಕ ವಹಿಯನ್ನು ನೋಡಿದವರಿಗೆ ಅದರ ಸ್ವರೂಪವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಆ ವಹಿ ನಮ್ಮ ನಡುವಿನ ಒಂದು ಮನಸ್ತಾಪವನ್ನು ಹೇಗೆ ಬಿಡಿಸಿತೆಂಬುದನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಈ ಮೂರು ಊರುಗಳ ಕನ್ನಡ ಮನೆಗಳಿಗಾಗಿ ನಾವು ಕೆಲವರು ಸೇರಿ ಒಂದು ಚಿಕ್ಕ ಜಾಲತಾಣ ನಡೆಸುತ್ತಿದ್ದೇವೆ. ಅಲ್ಲಿ ಊರಿಗೊಂದು ಪುಟ. ಆ ಪುಟದಲ್ಲಿ ಮನೆತನಗಳ ವಿವರ, ಹಳೆಯ ಭಾವಚಿತ್ರಗಳು, ಕನ್ನಡ ಶಾಲೆಯಲ್ಲಿ ಕಲಿತವರ ನೆನಪುಗಳು, ತೀರಿಕೊಂಡ ಹಿರಿಯರ ಮೇಲೆ ಮಕ್ಕಳು ಬರೆದ ನಾಲ್ಕು ಮಾತು. ಪ್ರತಿ ಪುಟದ ವಿಳಾಸದಲ್ಲಿಯೂ ಊರಿನ ಹೆಸರು ಕನ್ನಡ ಅಕ್ಷರಗಳಲ್ಲಿಯೇ ಇರಬೇಕೆಂಬುದು ನಮ್ಮ ಹಟವಾಗಿತ್ತು. ಇಂಗ್ಲಿಷಿನಲ್ಲಿ ಇಟ್ಟಿದ್ದರೆ ಈ ತಾಪತ್ರಯವೇ ಬರುತ್ತಿರಲಿಲ್ಲವೆಂದು ಆಮೇಲೆ ಹೇಳಿದವರುಂಟು. ಆ ಮಾತನ್ನು ನಾವು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಈ ಹಟಕ್ಕೆ ಹಿನ್ನೆಲೆಯಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಭಾಷಾವಾರು ಹಂಚಿದಾಗ ಬೀದರ ಜಿಲ್ಲೆಯಿಂದ ನಿರ್ಣಾ ಸರ್ಕಲ್ಲನ್ನು ಬಿಟ್ಟು ಜಹೀರಾಬಾದ್ ತಾಲೂಕು, ನಾರಾಯಣಖೇಡ ತಾಲೂಕು, ಗುಲಬರ್ಗಾ ಜಿಲ್ಲೆಯಿಂದ ತಾಂಡೂರು ತಾಲೂಕು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣವಾಯಿತು. 2016ರಲ್ಲಿ ಮೊದಲೆರಡು ಊರುಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಹೋದವು. ಹೀಗೆ ಮೇಲಿಂದ ಮೇಲೆ ಪಟ್ಟಿ ಬದಲಾದ ಊರಿನವರಿಗೆ, ಯಾವುದೋ ಪಟ್ಟಿಯಲ್ಲಿ ತಮ್ಮ ಹೆಸರು ಕಾಣದಿದ್ದರೆ ತಕ್ಷಣ ಮನಸ್ಸು ನೋಯುವುದು ಸಹಜ.

ನೋಯಿಸುವ ಸಂಗತಿಯೇ ನಡೆಯಿತು. ನಾರಾಯಣಖೇಡದ ಒಂದು ಮನೆಯಲ್ಲಿ ತಂದೆಯ ಮೊದಲ ವರ್ಷದ ಪುಣ್ಯತಿಥಿ. ಹಿರಿಯ ಮಗ ಬರೆದಿದ್ದ ಲೇಖನವೂ ಭಾವಚಿತ್ರವೂ ಊರಿನ ಪುಟದಲ್ಲಿ ಬಂದಿದ್ದವು. ಬಂದ ನೆಂಟರಿಗೆಲ್ಲ ತೋರಿಸಬೇಕೆಂದು ಸಂಜೆ ದೊಡ್ಡ ಪರದೆಯ ಮೇಲೆ ತೆರೆಯಹೋದರೆ, ಬಂದದ್ದು ಬಿಳಿಯ ಹಾಳೆ, ಅದರ ಮೇಲೆ 404 ಎಂಬ ಅಂಕಿ, ಕೇಳಿದ ಪುಟ ಇಲ್ಲಿ ಇಲ್ಲವೆಂಬ ಒಂದು ಸಾಲು. ಆ ಮನೆಯ ತಾಯಿ, "ಅವರ ಫೋಟೋ ತೆಗೆದೇ ಬಿಟ್ರೇನಪ್ಪ?" ಎಂದು ಕೇಳಿದರಂತೆ. ಜಹೀರಾಬಾದಿನ ಮನೆಗಳಿಂದಲೂ ಅದೇ ದೂರು ಬಂತು. ತಾಂಡೂರಿನ ಪುಟ ಮಾತ್ರ ಎಲ್ಲರಿಗೂ ತೆರೆಯುತ್ತಿತ್ತು. ನಮ್ಮಲ್ಲಿ ಇಬ್ಬರು ತಾಂಡೂರಿನವರು. ವಾರ್ಷಿಕ ವಂತಿಗೆಯ ವಿಷಯದಲ್ಲಿ ಆ ವರ್ಷ ಸ್ವಲ್ಪ ಮಾತು ಬೆಳೆದಿತ್ತು. ಎರಡನ್ನೂ ಕೂಡಿಸಿ ಜನ ತಮಗೆ ತೋಚಿದ ಅರ್ಥ ಮಾಡಿಕೊಂಡರು. ಮೂರೇ ದಿನದಲ್ಲಿ ನಾಲ್ಕು ಮನೆಯವರು ತಮ್ಮ ವಿವರಗಳನ್ನೆಲ್ಲ ಹಿಂದಕ್ಕೆ ಕೊಡಿರೆಂದು ಹೇಳಿ ಕಳುಹಿಸಿದರು.

ಪುಟಗಳನ್ನು ಏರಿಸುತ್ತಿದ್ದ ಹುಡುಗ ಬೆಂಗಳೂರಿನಲ್ಲಿದ್ದಾನೆ. ಕೇಳಿದರೆ, "ಇಲ್ಲಿ ಬರಾಬರ್ ಓಪನ್ ಆಗ್ಲತ್ತದ ಕಾಕಾ" ಎಂದ. ತೆರೆಯುವುದೆಂದು ಅವನ ಪ್ರಮಾಣ, ತೆರೆಯದೆಂದು ನೂರು ಮನೆಯವರ ಪ್ರಮಾಣ. ಇಬ್ಬರೂ ಸುಳ್ಳಾಡುವವರಲ್ಲ. ಇಂಥ ಹೊತ್ತಿನಲ್ಲಿ ವಾದಿಸುವುದಕ್ಕಿಂತ ವಹಿ ತೆಗೆಯುವುದೇ ಉಚಿತವೆಂದು ನಾವು ಆ ಲಾಗನ್ನು ತರಿಸಿದೆವು.

ಅದರ ಒಂದು ಸಾಲಿನಲ್ಲಿ ಏನೇನಿರುತ್ತದೆ ಎಂಬುದನ್ನು ಹೇಳಿಬಿಡುತ್ತೇವೆ. ಮೊದಲು, ಕೇಳಿದವರ ಜಾಲಸಂಖ್ಯೆ. ಆಮೇಲೆ ಸಾಮಾನ್ಯವಾಗಿ ಖಾಲಿ ಇರುವ ಎರಡು ಸ್ಥಾನಗಳು, ಅಲ್ಲಿ ಅಡ್ಡಗೆರೆ. ಬಳಿಕ ದಿನ ಮತ್ತು ವೇಳೆ. ಅದರ ಮುಂದೆ ಉದ್ಧರಣ ಚಿಹ್ನೆಗಳೊಳಗೆ, ಏನನ್ನು ಕೇಳಿದರೆಂಬುದು. ಆಮೇಲೆ ಮೂರು ಅಂಕಿಯ ಉತ್ತರ. ಕೊನೆಗೆ ಎಷ್ಟು ಬೈಟು ಕೊಡಲಾಯಿತೆಂಬ ಲೆಕ್ಕ. 1995ರಲ್ಲಿ ಹುಟ್ಟಿದ ಅಪಾಚಿ ಎಂಬ ಸರ್ವರ್ ಈ ಕ್ರಮವನ್ನು ಇಂದಿಗೂ ಪಾಲಿಸುತ್ತದೆ. ಬೇರೆಯವೂ ಹೆಚ್ಚುಕಡಿಮೆ ಹೀಗೆಯೇ. ಎಲ್ಲಿಂದ ಬಂದರು, ಯಾವ ಸಾಧನದಿಂದ ಕೇಳಿದರು ಎಂಬ ಇನ್ನೆರಡು ಅಂಶಗಳನ್ನೂ ಬರೆಯಿಸಿಕೊಳ್ಳಬಹುದು. ಎಲ್ಲಿಂದ ಬಂದರೆಂಬುದಕ್ಕೆ 'ರೆಫರರ್' ಎಂಬ ಶಬ್ದವಿದೆ. 1996ರ ಅಧಿಕೃತ ಬರಹದಲ್ಲಿಯೇ ಅದರ ಇಂಗ್ಲಿಷ್ ಕಾಗುಣಿತದಿಂದ ಒಂದು ಅಕ್ಷರ ಬಿದ್ದುಹೋಯಿತು. ಜಗತ್ತೆಲ್ಲ ಆ ತಪ್ಪನ್ನೇ ಇಂದಿಗೂ ಬಳಸುತ್ತಿದೆ. ಅವರ ಕಾಗುಣಿತಕ್ಕೆ ಇಷ್ಟು ಔದಾರ್ಯ ತೋರಿದ ಯಂತ್ರಲೋಕ ನಮ್ಮ ಕಾಗುಣಿತದ ಮೇಲೆ ಎಷ್ಟು ಕಟ್ಟುನಿಟ್ಟೆಂಬುದು ಮುಂದೆ ತಿಳಿಯುತ್ತದೆ.

ಮೊದಲ ನೋಟಕ್ಕೆ ವಹಿ ನಮ್ಮನ್ನು ದಂಗುಬಡಿಸಿತು. 404ರ ಸಾಲುಗಳೇ ಸಾವಿರಗಟ್ಟಲೆ. ನೋಡುತ್ತ ಹೋದಂತೆ ಅವುಗಳಲ್ಲಿ ಬಹುಪಾಲು ಮನುಷ್ಯರದಲ್ಲವೆಂದು ತಿಳಿಯಿತು. ನಮ್ಮಲ್ಲಿ ಇಲ್ಲವೇ ಇಲ್ಲದ ವರ್ಡ್‌ಪ್ರೆಸ್ ಬಾಗಿಲನ್ನು ಹುಡುಕಿ ತಟ್ಟುವ ಯಂತ್ರಗಳು, ರಾತ್ರಿ ಕದದ ಚಿಲಕ ಅಲುಗಿಸಿ ನೋಡಿ ಹೋಗುವ ಕಳ್ಳರಂತೆ, ದಿನವಿಡೀ ಬರುತ್ತವೆ. ಅವಕ್ಕೆ ಇಲ್ಲ ಎಂದದ್ದು ಸರಿಯಾದ ಉತ್ತರವೇ. ಅವನ್ನೆಲ್ಲ ಸೋಸಿ ನಮ್ಮವರ ಸಾಲುಗಳನ್ನು ಹಿಡಿಯಲು ಒಂದು ಉಪಾಯ ಮಾಡಿದೆವು. ಜಹೀರಾಬಾದಿನ ಒಬ್ಬ ತಾಯಿಗೆ ಫೋನು ಮಾಡಿ, ಸಂಜೆ ಸರಿಯಾಗಿ 7 ಗಂಟೆ 10 ನಿಮಿಷಕ್ಕೆ ಪುಟ ತೆರೆಯಿರೆಂದು ಕೇಳಿಕೊಂಡೆವು. ಹುಡುಗನಿಗೆ 7-15ಕ್ಕೆ ತೆರೆಯಲು ಹೇಳಿದೆವು. ವಹಿಯಲ್ಲಿ 19-10ನ್ನು ಹುಡುಕಿದರೆ ಆ ತಾಯಿಯ ಸುಳಿವಿಲ್ಲ! ಸರ್ವರಿನ ಗಡಿಯಾರ ಜಾಗತಿಕ ವೇಳೆಯನ್ನು ಅನುಸರಿಸುತ್ತದೆ, ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ. 13-40ರಲ್ಲಿ ಅವರು ಸಿಕ್ಕರು, 13-45ರಲ್ಲಿ ಹುಡುಗ ಸಿಕ್ಕ. ತಾಯಿಯ ಸಾಲಿನ ಕೊನೆಗೆ 404, ಹುಡುಗನ ಸಾಲಿನ ಕೊನೆಗೆ 200, ಎಂದರೆ ಕೇಳಿದ್ದನ್ನು ಕೊಟ್ಟಿದ್ದೇನೆ ಎಂದು.

ಪರದೆಯ ಮೇಲೆ ಇಬ್ಬರ ವಿಳಾಸವೂ 'ಜಹೀರಾಬಾದ್' ಎಂದೇ ಕಾಣುತ್ತಿತ್ತು. ವಹಿಯಲ್ಲಿ ಕನ್ನಡ ಅಕ್ಷರಗಳಿರುವುದಿಲ್ಲ. ಒಂದೊಂದು ಚಿಹ್ನೆಯೂ ಮೂರು ಬೈಟುಗಳಾಗಿ, ಶೇಕಡಾ ಗುರುತಿನ ಹಿಂದೆ ಎರಡೆರಡು ಅಂಕಿ-ಅಕ್ಷರಗಳಾಗಿ ನಿಂತಿರುತ್ತದೆ. ಜ ಎಂಬುದು %ಇ0%ಬಿ2%9ಸಿ. ಹ ಎಂಬುದು %ಇ0%ಬಿ2%ಬಿ9. ಒಂದು ಚಿಹ್ನೆಗೆ ಒಂಬತ್ತು ಸ್ಥಾನ. ಎರಡು ಸಾಲುಗಳನ್ನು ಒಂದರ ಕೆಳಗೊಂದು ಅಚ್ಚುಹಾಕಿ ನೋಡಿದಾಗ ತಾಯಿ ಕೇಳಿದ ಹೆಸರು 81 ಸ್ಥಾನ, ಹುಡುಗ ಕೇಳಿದ ಹೆಸರು 90 ಸ್ಥಾನ ಇದ್ದವು. ಕಣ್ಣಿಗೆ ಒಂದೇ ಆದ ಹೆಸರು ವಹಿಯಲ್ಲಿ ಎರಡಾಗಿತ್ತು.

ಆ ಹೆಚ್ಚಿನ ಒಂಬತ್ತು ಸ್ಥಾನ ಏನೆಂಬುದನ್ನು ಬಿಡಿಸಿದವರು ಯಂತ್ರ ಬಲ್ಲವರಲ್ಲ. ನಮ್ಮಲ್ಲಿ ಒಬ್ಬರು ಕನ್ನಡ ಶಾಲೆಯ ನಿವೃತ್ತ ಮಾಸ್ತರರು. ಯೂನಿಕೋಡಿನ ಕನ್ನಡ ಕೋಷ್ಟಕವನ್ನು ಎದುರಿಗಿಟ್ಟುಕೊಂಡು ಪೆನ್ಸಿಲಿನಿಂದ ಒಂದೊಂದೇ ಚಿಹ್ನೆಗೆ ಗೆರೆ ಎಳೆಯುತ್ತ ಹೋದರು. ತಾಯಿಯ ಸಾಲಿನಲ್ಲಿ ಹಕಾರದ ಮುಂದೆ %ಇ0%ಬಿ3%80, ಎಂದರೆ ಗುಡಿಸು-ದೀರ್ಘ ಎರಡೂ ಕೂಡಿದ ಒಂದೇ ಚಿಹ್ನೆ. ಹುಡುಗನ ಸಾಲಿನಲ್ಲಿ %ಇ0%ಬಿ2%ಬಿಎಫ್ ಎಂಬ ಬರೀ ಗುಡಿಸು, ಅದರ ಹಿಂದೆ %ಇ0%ಬಿ3%95 ಎಂಬ ಬಿಡಿ ದೀರ್ಘ. ಮಾಸ್ತರರು ಪೆನ್ಸಿಲು ಕೆಳಗಿಟ್ಟು ನಕ್ಕರು. "ಒಂದನೇ ಇಯತ್ತೆಯ ಹುಡುಗರು ಹೇಳೋದು ಇದೇ ಅಲ್ಲೇನ್ರಿ? ಹ ಗುಡಿಸು ಹಿ, ಗುಡಿಸಿನ ದೀರ್ಘ ಹೀ!"

ನಾರಾಯಣಖೇಡದ ಕತೆಯೂ ಅದೇ. ಖೇ ಎಂಬಲ್ಲಿ ಎತ್ವದ ದೀರ್ಘವಿದೆ. ಒಂದು ಸಾಲಿನಲ್ಲಿ ಅದು ಒಂದೇ ಚಿಹ್ನೆ, ಇನ್ನೊಂದರಲ್ಲಿ ಎತ್ವವೂ ಬಿಡಿ ದೀರ್ಘವೂ ಬೇರೆ ಬೇರೆ. ಅಲ್ಲಿಯೂ 81 ಮತ್ತು 90. ತಾಂಡೂರು ಹೇಗೆ ಪಾರಾಯಿತು? ಡೂ ಎಂಬಲ್ಲಿಯೂ ದೀರ್ಘಸ್ವರವಿದೆಯಲ್ಲ ಎಂದು ನಾವು ಕೇಳಿದೆವು. ಕೊಂಬಿನ ಇಳಿಗೆ ಬೇರೆ ದೀರ್ಘಚಿಹ್ನೆ ಕೊಡುವ ಪದ್ಧತಿ ಬರಹದಲ್ಲಿಯೂ ಇಲ್ಲ, ಯೂನಿಕೋಡಿನಲ್ಲಿಯೂ ಇಲ್ಲ. ಅದನ್ನು ಬಿಡಿಸಲು ಬರುವುದಿಲ್ಲ. ತಾಂಡೂರು ಎಲ್ಲರ ಬಾಯಲ್ಲಿಯೂ 63 ಸ್ಥಾನವೇ. ತಾಂಡೂರಿನವರ ಮೇಲೆ ಬಂದ ಪಕ್ಷಪಾತದ ಆರೋಪ ಹೀಗೆ ಒಂದು ಕೊಂಬಿನ ಇಳಿಯಿಂದ ತೊಳೆದುಹೋಯಿತು.

ಇದು ಆದದ್ದು ಹೇಗೆಂಬುದನ್ನೂ ಹೇಳಬೇಕು. ಯೂನಿಕೋಡು ಎರಡು ರೂಪಗಳನ್ನೂ ಸಮಾನವೆಂದು ಅಂಗೀಕರಿಸಿದೆ: ಕೂಡಿಸಿ ಬರೆದ ರೂಪ, ಬಿಡಿಸಿ ಬರೆದ ರೂಪ. ಕೀಲಿಮಣೆಯಲ್ಲಿ ನಾವು ಬೆರಳಚ್ಚು ಮಾಡುವಾಗ ಸಾಮಾನ್ಯವಾಗಿ ಬರುವುದು ಕೂಡಿದ ರೂಪ. ಹುಡುಗ ಪುಟಗಳನ್ನು ಸಿದ್ಧಪಡಿಸಿದ ಹಳೆಯ ಗಣಕಯಂತ್ರವಾದರೋ ಕಡತದ ಹೆಸರುಗಳನ್ನು ತಾನಾಗಿ ಬಿಡಿಸಿ ಇಡುವ ಜಾತಿಯದು. ಬಿಡಿಸಿದ ಹೆಸರಿನ ಕಡತ ಸರ್ವರಿಗೆ ಹಾಗೆಯೇ ಹೋಯಿತು. ಸರ್ವರಿಗೆ ಕನ್ನಡ ಬಾರದು. ಅದು ಬೈಟುಗಳನ್ನು ಬೈಟುಗಳೊಂದಿಗೆ ಹೋಲಿಸುತ್ತದೆ, ಒಂದು ಬೈಟು ಹೆಚ್ಚುಕಡಿಮೆಯಾದರೂ ಇಲ್ಲ ಎನ್ನುತ್ತದೆ. ಹುಡುಗ ತನ್ನ ಕಡತದ ಪಟ್ಟಿಯಿಂದಲೇ ವಿಳಾಸವನ್ನು ನಕಲು ಮಾಡಿ ತೆರೆಯುತ್ತಿದ್ದುದರಿಂದ ಅವನಿಗೆ ತೆರೆಯುತ್ತಿತ್ತು. ಮುಖಪುಟದಲ್ಲಿ ನಾವು ಬೆರಳಚ್ಚು ಮಾಡಿ ಕೊಟ್ಟ ಕೊಂಡಿಯನ್ನು ಒತ್ತಿದವರಿಗೆ ತೆರೆಯುತ್ತಿರಲಿಲ್ಲ. ನಾರಾಯಣಖೇಡದ ಆ ಹಿರಿಯರ ಭಾವಚಿತ್ರ ಅಷ್ಟು ದಿನವೂ ತನ್ನ ಸ್ಥಾನದಲ್ಲಿಯೇ ಇತ್ತು.

ಪರಿಹಾರಕ್ಕೆ ಅರ್ಧ ತಾಸೂ ಹಿಡಿಯಲಿಲ್ಲ. ಎರಡು ಕಡತಗಳಿಗೂ ಕೂಡಿದ ರೂಪದ ಹೆಸರು ಕೊಟ್ಟು, ಬಿಡಿಸಿದ ರೂಪದಲ್ಲಿ ಯಾರಾದರೂ ಕೇಳಿದರೆ ಹೊಸ ವಿಳಾಸಕ್ಕೆ ಕಳುಹಿಸುವಂತೆ ಸರ್ವರಿಗೆ ಒಂದು ಸೂಚನೆ ಬರೆಯಲಾಯಿತು. ಅಂದಿನಿಂದ ಹುಡುಗನ ಹಳೆಯ ಕೊಂಡಿಗೆ ವಹಿಯಲ್ಲಿ ಮೊದಲು 301, ಎಂದರೆ ಖಾಯಂ ಆಗಿ ಮನೆ ಬದಲಾಗಿದೆ ಎಂಬ ಉತ್ತರ, ಅದರ ಬೆನ್ನಿಗೆ 200 ಬರತೊಡಗಿತು. ಕೆಲವು ಸಾಲುಗಳಲ್ಲಿ 304 ಕಂಡು ನಮ್ಮಲ್ಲೊಬ್ಬರು ಗಾಬರಿಯಾದರು. ನೀವು ಕಳೆದ ಸಲ ಒಯ್ದ ಪ್ರತಿಯೇ ಇನ್ನೂ ಸರಿಯಾಗಿದೆ, ಹೊಸದು ಬೇಕಿಲ್ಲ ಎಂಬುದು ಅದರ ಅರ್ಥ, ಹೆದರುವ ಕಾರಣವಿಲ್ಲ. 500 ಕಂಡರೆ ಮಾತ್ರ ಈ ವಹಿಯಲ್ಲಿ ಕಾರಣ ಸಿಗದು, ಸರ್ವರಿನ ಇನ್ನೊಂದು ವಹಿಯಾದ ಎರರ್ ಲಾಗನ್ನು ತೆಗೆಯಬೇಕು.

ಒಂದೆರಡು 404 ಆಮೇಲೂ ಉಳಿದವು. ಯಾರೋ ಸಂದೇಶದಲ್ಲಿ 'ಜಹೀರಾಬಾದ್‌ನ ಪುಟ' ಎಂದು ಬರೆದದ್ದರಿಂದ ಹೆಸರನ್ನು ಕತ್ತರಿಸಿಕೊಂಡು ಕೊಂಡಿಗೆ ಹಚ್ಚಿದ್ದರು. ದಕಾರದ ಕೆಳಗೆ ನಕಾರ ಒತ್ತಾಗದಂತೆ ತಡೆಯಲು ಹಾಕಿದ, ಕಣ್ಣಿಗೆ ಬೀಳದ ಒಂದು ಚಿಹ್ನೆ ಅದರ ಬಾಲಕ್ಕೆ ಅಂಟಿಕೊಂಡು ಬಂದಿತ್ತು. ವಹಿಯಲ್ಲಿ ಅದು %ಇ2%80%8ಸಿ ಎಂದು ನಿಂತಿತ್ತು. ಅದಕ್ಕೂ ದಾರಿ ಮಾಡಿದೆವು.

ಈ ನಡುವೆ ಒಬ್ಬ ಗೃಹಸ್ಥರು, ಯಾರ ಮನೆಯವರು ಯಾರ ಪುಟ ನೋಡಿದರೆಂದು ವಹಿಯಿಂದ ತೆಗೆದುಕೊಡಲಾಗುವುದೇ ಎಂದು ಕೇಳಿದರು. ಕೊಡಲಾಗದು, ಕೊಡಲೂಬಾರದು ಎಂದೆವು. ಮೊಬೈಲು ಬಳಸುವ ಎಷ್ಟೋ ಮನೆಗಳು ಒಂದೇ ಜಾಲಸಂಖ್ಯೆಯ ಹಿಂದಿರುತ್ತವೆ. ಸಂಖ್ಯೆ ಹಿಡಿದು ಮನೆ ತೋರಿಸಹೋದರೆ ಹೊಸ ಜಗಳಕ್ಕೆ ನಾವೇ ಬೀಜ ಬಿತ್ತಿದಂತೆ. ಕೆಲಸ ಮುಗಿದ ಮೇಲೆ ನಮ್ಮಲ್ಲಿದ್ದ ಆ ಪ್ರತಿಯನ್ನು ಅಳಿಸಿಹಾಕಿದೆವು.

ನಾರಾಯಣಖೇಡದ ಆ ತಾಯಿಗೆ ಪುಟ ತೆರೆದು ತೋರಿಸಲು ಮಾಸ್ತರರೇ ಹೋಗಿ ಬಂದರು. ವಿವರಗಳನ್ನು ಹಿಂದೆ ಕೇಳಿದ್ದ ನಾಲ್ಕು ಮನೆಗಳಲ್ಲಿ ಮೂರು ಮನೆಯವರು ಹಾಗೆಯೇ ಇರಲಿ ಎಂದರು. ಒಂದು ಮನೆಯವರು ಇನ್ನೂ ಬಿಗುಮಾನದಲ್ಲಿದ್ದಾರೆ.

ಗಡಿಯ ಬೇರೆ ಊರುಗಳಲ್ಲಿ ಇಂಥದೇ ತಾಣ ನಡೆಸುವವರಿಗೆ ಅನುಕೂಲವಾಗಲೆಂದು ಮಾಸ್ತರರು ಒಂದು ಪಟ್ಟಿಯನ್ನೂ ಮಾಡಿದ್ದಾರೆ. ಗುಡಿಸಿನ ದೀರ್ಘ, ಎತ್ವದ ದೀರ್ಘ, ಐತ್ವ, ಒತ್ವ ಮತ್ತು ಅದರ ದೀರ್ಘ ಇವು ಬಿಡಿಸಲು ಬರುವ ಚಿಹ್ನೆಗಳು. ಕಾಸರಗೋಡು, ಅಕ್ಕಲಕೋಟೆ, ಆದೋನಿ ಈ ಹೆಸರುಗಳಲ್ಲಿ ಒತ್ವದ ದೀರ್ಘವಿರುವುದರಿಂದ ಒಂದೇ ಚಿಹ್ನೆ ಮೂರಾಗಿ ಒಡೆಯುತ್ತದೆ: ಎತ್ವ, ಕೊಂಬಿನ ಇಳಿ, ದೀರ್ಘ. ಹೊಸೂರು, ಕೊಡಂಗಲ್ಲುಗಳಲ್ಲಿ ಎರಡಾಗುತ್ತದೆ. ಮಂಜೇಶ್ವರದವರೂ ಬೀದರದವರೂ ನೋಡಿಕೊಳ್ಳಬೇಕು. ಜತ್ತ, ಮಡಕಶಿರಾ, ತಾಳವಾಡಿಯ ಬಂಧುಗಳಿಗೆ ಈ ಕಾಟವಿಲ್ಲ.