ವೇಷ ಒಂದು, ಕುಣಿತ ಇನ್ನೊಂದು

ಕಾರ್ಟೂನಿನ ಹೆಸರು ಹೊತ್ತು ಬರುವ ವಿಡಿಯೊ ಗೇಮ್ ಕಂಡರೆ ಪಳಗಿದ ಆಟಗಾರರು ಮೂಗು ಮುರಿಯುತ್ತಾರೆ. ಅದಕ್ಕೆ ಕಾರಣವೂ ಇದೆ. ಹಣ ಕೊಟ್ಟು ಹಕ್ಕು ಪಡೆದ ಕಂಪನಿಗೆ ಜನ ಆಗಲೇ ಮೆಚ್ಚಿಕೊಂಡ ಮುಖಗಳು ಸಿಕ್ಕಿಬಿಡುತ್ತವೆ. ಇನ್ನು ಆಟವನ್ನು ಚೆನ್ನಾಗಿ ಕಟ್ಟುವ ಉಸಾಬರಿ ಏಕೆ ಎಂಬ ಸೋಮಾರಿತನ ಹಿಂದೆಯೇ ಬರುತ್ತದೆ. ಯಕ್ಷಗಾನದ ಕಿರೀಟ, ಭುಜಕೀರ್ತಿ ಬಾಡಿಗೆಗೆ ಸಿಕ್ಕಾವು, ಕುಣಿತ ಸಿಗದು. ಇದನ್ನು ಅರಿತು ಮಾಡಿದ ಅಪರೂಪದ ಆಟ, ಜಪಾನಿನ ಪ್ಲಾಟಿನಮ್ ಗೇಮ್ಸ್ ತಯಾರಿಸಿ 2015ರಲ್ಲಿ ಆಕ್ಟಿವಿಷನ್ ಹೊರತಂದ ‘ಟ್ರಾನ್ಸ್‌ಫಾರ್ಮರ್ಸ್: ಡಿವಾಸ್ಟೇಶನ್’. ಮೂಲದ ಜೀವಾಳವನ್ನು ಆಡುವವರ ಬೆರಳ ತುದಿಗೆ ತಂದದ್ದು ಅದರ ಬಲ. ಆ ಜೀವಾಳಕ್ಕೆ ಸಂಬಂಧವಿಲ್ಲದ್ದನ್ನು ತುರುಕಿದ್ದು ಅದರ ದೌರ್ಬಲ್ಯ.

ಮೂಲವಾದ 1984ರ ‘ಟ್ರಾನ್ಸ್‌ಫಾರ್ಮರ್ಸ್’ ಕಾರ್ಟೂನ್ ಹುಟ್ಟಿದ್ದೇ ಹ್ಯಾಸ್ಬ್ರೊ ಆಟಿಕೆಗಳ ಮಾರಾಟಕ್ಕೆ. ಅದರ ಮೋಹವೆಲ್ಲ ಟ್ರಕ್ಕು ರೋಬೋಟ್ ಆಗುವ ಒಂದು ಗಳಿಗೆಯಲ್ಲಿತ್ತು. ಈ ರೂಪಾಂತರವನ್ನು ಬರೀ ನೋಡಿ ಖುಷಿಪಡುವ ದೃಶ್ಯವಾಗಿಸದೆ ಕಾಳಗದ ತಾಳವಾಗಿಸಿದ್ದು ಡಿವಾಸ್ಟೇಶನ್‌ನ ಹೆಚ್ಚುಗಾರಿಕೆ. ಏಟುಗಳ ಸರಣಿ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಬೆಳಕೊಂದು ಮಿನುಗುತ್ತದೆ. ಸರಿಯಾಗಿ ಆಗಲೇ ಗುಂಡಿ ಒತ್ತಿದರೆ ನಾಯಕ ರೋಬೋಟ್ ಆಪ್ಟಿಮಸ್ ಪ್ರೈಮ್ ಟ್ರಕ್ಕಾಗಿ ಎದುರಾಳಿಗೆ ಗುದ್ದಿ, ಮರುಕ್ಷಣ ರೋಬೋಟ್ ಆಗಿ ಮುಂದಿನ ಏಟಿಗೆ ಕೈಯೆತ್ತಿರುತ್ತಾನೆ. ಕೆಲವು ವೈರಿಗಳ ರಕ್ಷಾಕವಚ ಒಡೆಯಲು ವಾಹನವಾಗಿಯೇ ನುಗ್ಗಬೇಕು. ಏಟು ಬೀಳುವ ಕೊನೇ ಗಳಿಗೆಯಲ್ಲಿ ತಪ್ಪಿಸಿಕೊಂಡರೆ ಕಾಲ ನಿಧಾನವಾಗುವ ತಂತ್ರ ಇದೇ ಸ್ಟುಡಿಯೊದ ‘ಬೇಯೊನೆಟಾ’ದಿಂದ ಬಂದದ್ದು, ಇಲ್ಲಿ ಅದೂ ರೂಪಾಂತರಕ್ಕೆ ಒದಗಿ ಬರುತ್ತದೆ.

ಇದೆಲ್ಲ ಬರೀ ಬಾಲ್ಯದ ಹಳಹಳಿಕೆಯ ಮೋಡಿ ಎನ್ನುವವರಿದ್ದಾರೆ. ಕಾರ್ಟೂನಿಗೆ ದನಿ ಕೊಟ್ಟಿದ್ದ ಪೀಟರ್ ಕಲನ್, ಫ್ರಾಂಕ್ ವೆಲ್ಕರ್ ಅವರ ಅದೇ ಹಳೆಯ ಕಂಠ, ಕೈಯಲ್ಲಿ ಬರೆದಂತಿರುವ ದಟ್ಟ ಬಣ್ಣಗಳು ಮನಸ್ಸು ಕರಗಿಸುವುದು ನಿಜ. ಆದರೆ ಮೆಚ್ಚಿನ ಕಾರ್ಟೂನಷ್ಟೇ ಸಾಕಾಗಿದ್ದರೆ ಇದೇ ಸ್ಟುಡಿಯೊ 2014ರಲ್ಲಿ ಇನ್ನೊಂದು ಕಾರ್ಟೂನ್ ಆಧರಿಸಿ ಮಾಡಿದ ‘ದಿ ಲೆಜೆಂಡ್ ಆಫ್ ಕೋರಾ’ ಕೂಡ ಗೆಲ್ಲಬೇಕಿತ್ತು. ಅಲ್ಲಿ ನೀರು, ಬೆಂಕಿ, ಮಣ್ಣು, ಗಾಳಿಗಳನ್ನು ಆಳುವ ನಾಯಕಿಯ ಶಕ್ತಿಯನ್ನು ಆರಂಭದಲ್ಲೇ ಕಸಿದುಕೊಂಡು ಕಂತುಕಂತಾಗಿ ಹಿಂದಿರುಗಿಸುತ್ತಾರೆ. ಯಾವುದಕ್ಕಾಗಿ ಜನ ಬಂದರೋ ಅದನ್ನೇ ಬೀಗ ಹಾಕಿಟ್ಟರೆ ಅಭಿಮಾನ ಎಷ್ಟು ಹೊತ್ತು ಕಾದೀತು?

ಡಿವಾಸ್ಟೇಶನ್ ಚಿಕ್ಕದಾಯಿತು ಎಂಬ ದೂರು ನನಗೆ ಅಷ್ಟು ದೊಡ್ಡದಾಗಿ ಕಾಣದು. ಆಡಲು ಐದು ಆಟೋಬಾಟ್ ರೋಬೋಟ್‌ಗಳಿರುವಾಗ, ಇನ್ನೂ ಕಷ್ಟದ ಹಂತಗಳು ತೆರೆದಿರುವಾಗ, ಇಂಥ ಆಟವನ್ನು ಮರಳಿ ಆಡುವುದೇ ರೂಢಿ. ತೊಡಕಿರುವುದು ಗಾತ್ರದಲ್ಲಲ್ಲ, ಹುರುಳಿಲ್ಲದ ತುಂಬುವಿಕೆಯಲ್ಲಿ. ಜನರ ಸುಳಿವಿಲ್ಲದ ಬೂದು ಬಣ್ಣದ ಬೀದಿಗಳು ಮತ್ತೆ ಮತ್ತೆ ಎದುರಾಗುತ್ತವೆ. ಕಾಳಗ ರಂಗೇರಿದ ಮೇಲೆ ಗುಡ್ಡೆಬಿದ್ದ ಆಯುಧಗಳನ್ನು ವಿಂಗಡಿಸಿ, ಒಂದರೊಳಗೊಂದು ಬೆರೆಸಿ ಬಲಪಡಿಸುವ ಗುಮಾಸ್ತಗಿರಿ ಶುರುವಾಗುತ್ತದೆ. ಬಹುಮಾನ ಸಿಗುತ್ತಿದ್ದರೆ ಆಡುವವರಿಗೆ ಹುರುಪು ಎಂದು ಇದನ್ನು ಸಮರ್ಥಿಸಬಹುದು. ಆದರೆ ಹೊಡೆದಾಟವೇ ಬಹುಮಾನವಾಗಿರುವ ಕಡೆ ಇನ್ನೊಂದು ಆಮಿಷವೇಕೆ?

ಪರವಾನಗಿಯ ಕೊನೆಯ ದೋಷ ಮಾತ್ರ ಆಟದ ಹೊರಗಿನದು. 2017ರ ಕೊನೆಗೆ ಡಿವಾಸ್ಟೇಶನ್ ಡಿಜಿಟಲ್ ಅಂಗಡಿಗಳಿಂದ ಮಾಯವಾಯಿತು. ಎರವಲು ಹೆಸರಿನ ಆಟ ಚೆನ್ನಾಗಿರಬೇಕಾದರೆ ಕಸುಬು ಬೇಕು. ಅದು ಮಾರುಕಟ್ಟೆಯಲ್ಲಿ ಉಳಿಯುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವರಿಗೆ ಆ ಕಸುಬಿನ ಗೊಡವೆಯಿಲ್ಲ.